ಏರು ಬಂದರೆ ನಿಲ್ಲುವ ಜೀಪು: ಡೀಸೆಲ್ ದಾರಿಯ ಒಂದು ಪ್ರಕರಣ

ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಒಂದು ಹಳೆಯ ಡೀಸೆಲ್ ಜೀಪಿನ ಪ್ರಕರಣ ಇದು. ಮಾಲೀಕರ ಹೆಸರು, ಊರು, ಗ್ಯಾರೇಜು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಗಾಡಿಯ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆ. ನಾನು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಕಲಿಸುವವನು. ನಮ್ಮಲ್ಲಿ ಕಲಿತ ಹುಡುಗನೊಬ್ಬ ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಮಾಲೀಕರು ಅವನಿಗೆ ಕಾಕಾ ಆಗಬೇಕು. ಅವನ ಕೈಲಿ ಆಗದೆ ನನ್ನ ಹತ್ತಿರ ಬಂದದ್ದಲ್ಲ. ದೊಡ್ಡವರು ಒಂದು ಸಲ ತೀರ್ಮಾನ ಮಾಡಿಬಿಟ್ಟ ಮೇಲೆ ಹುಡುಗನ ಮಾತು ಯಾರು ಕೇಳಬೇಕು, ಅದಕ್ಕೆ ಬಂದದ್ದು.

ಗಾಡಿ ಮತ್ತು ಅದರ ಕೆಲಸ

1990ರ ದಶಕದ ಮಹೀಂದ್ರಾ ಜೀಪು, ಗಿಡ್ಡ ಬಾಡಿ, ಫೋರ್ ವ್ಹೀಲ್. ಒಳಗೆ ಪ್ಯೂಜೋ ಡೀಸೆಲ್ ಎಂಜಿನ್, 2112 ಸಿಸಿಯ ಎಕ್ಸ್‌ಡಿಪಿ 4.90. ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಡಯಾಫ್ರಾಮ್ ಫೀಡ್ ಪಂಪು, ಅಲ್ಲಿಂದ ಫಿಲ್ಟರು, ಆಮೇಲೆ ಒತ್ತಡ ಏಳಿಸುವ ರೋಟರಿ ಡೀಸೆಲ್ ಪಂಪು (ಮುಂದೆ ಬರಿ ಪಂಪು ಅಂದರೆ ಇದೇ), ಕೊನೆಗೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮುವ 4 ನಾಜಲ್. ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಸ್ಪ್ಯಾನರ್ ಹಿಡಿಯಲು ಬರುವವನಿಗೆ ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಕಾಕಾನಿಗೆ ಎರಡು ಕಡೆ ಹೊಲ. ತುಂಗಭದ್ರಾ ಎಡದಂಡೆ ನಾಲೆಯ ನೀರಿನ ಭತ್ತದ ಗದ್ದೆ ಒಂದು ಕಡೆ, ಗುಡ್ಡದ ಆಚೆ ಒಣಬೇಸಾಯದ ಹೊಲ ಇನ್ನೊಂದು ಕಡೆ. ನಾಲೆ ರಸ್ತೆ ಸಪಾಟು. ಗುಡ್ಡದ ದಾರಿ ಅಂದರೆ ಬಂಡೆಗಳ ನಡುವಿನ ಜಾಡು, ಲೋ ಗೇರ್ ಹಾಕದೆ ಹತ್ತುವ ಹಾಗಿಲ್ಲ. ಬೆಳಿಗ್ಗೆ ಗದ್ದೆ, ಮಧ್ಯಾಹ್ನ ಊಟ ಆದ ಮೇಲೆ ಗುಡ್ಡದ ಹೊಲ. ಇದು ಅವರ ದಿನಚರಿ. ಈ ದಿನಚರಿಯೇ ಎಲ್ಲರ ದಾರಿ ತಪ್ಪಿಸಿತು.

ತೊಂದರೆ

ಹಿಂದಿನ ಮಳೆಗಾಲದಲ್ಲಿ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಟ್ಯಾಂಕಿನಲ್ಲಿ ಕಾಲುಭಾಗವೂ ಡೀಸೆಲ್ ಇರಲಿಲ್ಲ. ಚಳಿಗಾಲದಲ್ಲಿ ಮತ್ತೆ ಓಡಿಸಲು ಶುರು ಮಾಡಿದಾಗ ಅಲ್ಲೊಂದು ಇಲ್ಲೊಂದು ಜರ್ಕ್. ಬೇಸಿಗೆ ಬರುವ ಹೊತ್ತಿಗೆ ರೋಗ ಪಕ್ಕಾ ಆಯಿತು. ಮಧ್ಯಾಹ್ನ ಗುಡ್ಡ ಹತ್ತುವಾಗ ಎಂಜಿನ್ ದಮ್ಮು ಕಳೆದುಕೊಂಡು ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಮತ್ತೆ ಒಂದಷ್ಟು ದೂರ, ಮತ್ತೆ ಬಂದ್.

"ಬಿಸಿಲು ಏರಿದ್ರ ಗಾಡಿ ಬಂದ್ ಬೀಳ್ತೈತ್ರಿ ಸರ. ಪಂಪ್ ಹೋಗೈತಿ ಅಂದ್ರು, ಮಾಡಿಸಿದ್ವಿ. ಮತ್ತ ಅದ ಕಥಿ," ಅಂದರು ಕಾಕಾ.

ಪಂಪು ಹೋಗಿದೆ ಅಂದವರು ಊರಿನ ಹಿರಿಯ ಮಿಸ್ತ್ರಿ. ಅವರು ಸುಮ್ನೆ ಬಾಯಿಗೆ ಬಂದದ್ದು ಹೇಳಿರಲಿಲ್ಲ. ರೋಟರಿ ಪಂಪಿನ ಒಳಗಿನ ಭಾಗ ಸವೆದಿದ್ದರೆ, ಡೀಸೆಲ್ ಬಿಸಿಯಾಗಿ ತೆಳ್ಳಗಾದಾಗ ಸಂದಿನಿಂದ ಒಳಗೊಳಗೇ ಸೋರುತ್ತದೆ. ನಾಜಲ್‌ಗೆ ಬೇಕಾದಷ್ಟು ಒತ್ತಡ ಏಳುವುದಿಲ್ಲ. ತಣ್ಣಗಿದ್ದಾಗ ಸ್ಟಾರ್ಟ್ ಆಗುವ ಗಾಡಿ ಬಿಸಿಯಾದಾಗ ಆಗುವುದಿಲ್ಲ. ಪಂಪಿನ ಮೇಲೆ ತಣ್ಣೀರು ಸುರಿದು ಸ್ಟಾರ್ಟ್ ಮಾಡಿ ನೋಡುವುದು ಗ್ಯಾರೇಜಿನವರಿಗೆಲ್ಲ ಗೊತ್ತಿರುವ ಪರೀಕ್ಷೆ. ಮಿಸ್ತ್ರಿ ಅದನ್ನೇ ಮಾಡಿದ್ದರು. ಗುಡ್ಡದ ಮೇಲೆ ನಿಂತ ಗಾಡಿಗೆ ಕೆಳಗಿನ ಹೊಂಡದಿಂದ ಕೊಡದಲ್ಲಿ ನೀರು ತರಿಸಿ, ಗೋಣಿ ಚೀಲ ನೆನೆಸಿ ಪಂಪಿನ ಮೇಲೆ ಹೊದಿಸಿದರು. ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್! ಅಲ್ಲಿಗೆ ಪಂಪು ಬಿಚ್ಚುವುದು ಖಾಯಂ ಆಯಿತು.

ಪಂಪಿನ ಕೆಲಸ ಅಗ್ಗವಲ್ಲ. ಪಂಪಿನೊಳಗೆ ಒತ್ತಡ ಏಳಿಸುವ ಭಾಗಗಳಾದ ಹೆಡ್ಡು, ರೋಟರು ಬದಲಾಯಿಸಿ, ಟೆಸ್ಟ್ ಬೆಂಚಿನ ಮೇಲೆ ಹಾಕಿ ಸೆಟ್ ಮಾಡಿ ಕೊಟ್ಟರು. ಜೊತೆಗೆ ಹೊಸ ಫಿಲ್ಟರು. ಗಾಡಿ ಚೆನ್ನಾಗಿ ಓಡಿತು, ಗುಡ್ಡವನ್ನೂ ಹತ್ತಿತು. ಎಲ್ಲರಿಗೂ ಸಮಾಧಾನ. ಕೆಲವು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಅದೇ ರೀತಿ ನಿಂತಿತು.

ಬಿಸಿಲೋ ಏರೋ

ಇಲ್ಲಿಂದ ನಮ್ಮ ಹುಡುಗನ ಪಾಲು. ಅವನು ಕೇಳಿದ ಮೊದಲ ಪ್ರಶ್ನೆ ನನಗೆ ಬಹಳ ಹಿಡಿಸಿತು: "ಕಾಕಾ, ಬೆಳಿಗ್ಗೆ ಎಂದಾದ್ರೂ ಗುಡ್ಡ ಹತ್ತಿಸಿದ್ದೇನು?" ಹತ್ತಿಸಿರಲಿಲ್ಲ. ಮಧ್ಯಾಹ್ನ ಸಪಾಟು ರಸ್ತೆಯಲ್ಲಿ ದೂರ ಓಡಿಸಿದ್ದೂ ಇಲ್ಲ. ಅಂದರೆ ಬಿಸಿಲು ಮತ್ತು ಏರು ಯಾವಾಗಲೂ ಜೊತೆಯಾಗೇ ಬಂದಿದ್ದವು. ಇವುಗಳಲ್ಲಿ ಯಾವುದು ಕಾರಣ ಎಂದು ಯಾರೂ ಬೇರೆ ಮಾಡಿ ನೋಡಿರಲಿಲ್ಲ.

ಸೂರ್ಯ ಹುಟ್ಟುವ ಮುಂಚೆ ಗುಡ್ಡದ ದಾರಿ ಹಿಡಿದರು. ಗಾಳಿ ತಣ್ಣಗಿತ್ತು, ಪಂಪನ್ನು ಕೈಯಲ್ಲಿ ಮುಟ್ಟಬಹುದಿತ್ತು. ಅರ್ಧ ಏರಿನಲ್ಲಿ ಗಾಡಿ ನಿಂತಿತು. ಈ ಸಲ ಅವನು ನೀರು ಹಾಕಲಿಲ್ಲ, ಗೋಣಿ ಚೀಲ ಹೊದಿಸಲಿಲ್ಲ. ಬಾನೆಟ್ಟು ಎತ್ತದೆ ಸುಮ್ನೆ ಕೂತ. ಕೊಡದಲ್ಲಿ ನೀರು ತರಲು ಬೇಕಾಗುವಷ್ಟೇ ಹೊತ್ತು ಬಿಟ್ಟು ಸೆಲ್ಫ್ ಹೊಡೆದ. ಸ್ಟಾರ್ಟ್ ಆಯಿತು.

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ. ಹಿಂದಿನ ಸಲ ಗಾಡಿ ಸ್ಟಾರ್ಟ್ ಆದದ್ದು ನೀರು ಸುರಿದದ್ದಕ್ಕಲ್ಲ, ನೀರು ತರುವಷ್ಟು ಹೊತ್ತು ಕಾದದ್ದಕ್ಕೆ. ತಣ್ಣೀರಿನ ಪರೀಕ್ಷೆ ತಪ್ಪಲ್ಲ. ಆದರೆ ನೀರನ್ನು ಕೈಯಲ್ಲೇ ಇಟ್ಟುಕೊಂಡು, ಗಾಡಿ ನಿಂತ ಕೂಡಲೇ ಮಾಡಬೇಕು. ಅದಕ್ಕೂ ಮುಂಚೆ ನೀರಿಲ್ಲದೆ ಅಷ್ಟೇ ಹೊತ್ತು ಕಾದರೆ ಏನಾಗುತ್ತದೆ ಅಂತ ನೋಡಿರಬೇಕು. ಇಲ್ಲದಿದ್ದರೆ ಆ ಪರೀಕ್ಷೆಗೆ ಬೆಲೆ ಇಲ್ಲ.

ನನಗೆ ಫೋನ್ ಬಂದದ್ದು ಆಮೇಲೆ. "ಸರ, ಪಂಪಿಗೆ ಡೀಸೆಲ್ ಮುಟ್ತಿಲ್ಲ ಅನಸ್ತೈತ್ರಿ, ಕಾಕಾ ಒಪ್ಪವಲ್ಲ," ಅಂದ. ಇಷ್ಟು ದುಡ್ಡು ಸುರಿದ ಮೇಲೆ ಪಂಪಿನ ತಪ್ಪಲ್ಲ ಅಂದರೆ ಯಾರಿಗಾದರೂ ಕಷ್ಟವೇ ಅಲ್ವಾ.

ಕ್ಯಾನ್ ಕಟ್ಟಿ ಓಡಿಸಿದ್ದು

ನಾನು ಹೋಗಿ ಮೊದಲು ನೋಡಿದ್ದು ಟ್ಯಾಂಕಿನ ಮುಚ್ಚಳ. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಒಳಗೆ ಬರಲು ಸಣ್ಣ ತೂತು ಬೇಕು. ನಮ್ಮ ಕಡೆಯ ಧೂಳಿಗೆ, ಗದ್ದೆಯ ಕೆಸರಿಗೆ ಅದು ಮುಚ್ಚಿಕೊಳ್ಳುವುದು ಮಾಮೂಲು. ಇದರಲ್ಲೂ ಅರ್ಧ ಮುಚ್ಚಿತ್ತು. ಮುಚ್ಚಳ ತಿರುವಿದಾಗ ಸಣ್ಣಗೆ ಉಸ್ ಅಂತ ಗಾಳಿ ಎಳೆದುಕೊಂಡಿತು. ತೂತು ಬಿಡಿಸಿ ಓಡಿಸಿದೆವು. ಸ್ವಲ್ಪ ವಾಸಿಯಾಯಿತು, ಆದರೆ ಪೂರ್ತಿ ಅಲ್ಲ. ಸ್ವಲ್ಪ ವಾಸಿಯಾದಾಗಲೇ ಜನ ಕೆಲಸ ನಿಲ್ಲಿಸಿಬಿಡುತ್ತಾರೆ.

ಆಮೇಲೆ ಫಿಲ್ಟರಿಗೂ ಪಂಪಿಗೂ ನಡುವೆ ಪಾರದರ್ಶಕ ಪೈಪು ಹಾಕಿದೆವು. ನಿಲ್ಲಿಸಿ ರೇಸ್ ಮಾಡಿದರೆ ತಿಳಿ ಡೀಸೆಲ್. ಗುಡ್ಡದಲ್ಲಿ ನಿಲ್ಲುವ ಮುಂಚೆ ಗುಳ್ಳೆಗಳು, ಕೊನೆಗೆ ಅರ್ಧ ಖಾಲಿ ಪೈಪು. ಹಾಗಾದರೆ ಪಂಪಿನ ಹಿಂದಿನ ದಾರಿಯಲ್ಲೇ ತೊಂದರೆ. ಈ ದಾರಿಯಲ್ಲಿ ಒಂದು ವಿಷಯ ನೆನಪಿಡಬೇಕು. ಫೀಡ್ ಪಂಪಿನಿಂದ ಮುಂದೆ ಡೀಸೆಲ್ ತಳ್ಳಿಸಿಕೊಂಡು ಹೋಗುತ್ತದೆ, ಅಲ್ಲಿ ಸಂದು ಬಿದ್ದರೆ ಡೀಸೆಲ್ ಹೊರಗೆ ಸೋರಿ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆಸಿಕೊಂಡು ಬರುತ್ತದೆ, ಅಲ್ಲಿ ಸಂದು ಬಿದ್ದರೆ ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಬೀಳದಿರಬಹುದು. "ಎಲ್ಲೂ ಲೀಕ್ ಇಲ್ಲ" ಅನ್ನುವ ಮಾತಿಗೆ ಈ ಕಡೆ ಅರ್ಥ ಇಲ್ಲ.

ಟ್ಯಾಂಕೋ ಪೈಪೋ ಅಂತ ಬಿಚ್ಚುತ್ತಾ ಕೂರುವ ಬದಲು ಹುಡುಗ ಒಂದು ಉಪಾಯ ಮಾಡಿದ. 5 ಲೀಟರಿನ ಶುದ್ಧ ಕ್ಯಾನಿಗೆ ಬಂಕಿನಿಂದ ಹೊಸ ಡೀಸೆಲ್ ತಂದ. ಅದನ್ನು ಪಕ್ಕದ ಸೀಟಿನ ಕೆಳಗೆ ಗಟ್ಟಿಯಾಗಿ ಕಟ್ಟಿದ. ಫೀಡ್ ಪಂಪಿಗೆ ಹೊಸ ಪೈಪಿನಲ್ಲಿ ಅಲ್ಲಿಂದಲೇ ಡೀಸೆಲ್ ಕೊಟ್ಟ. ರಿಟರ್ನ್ ಪೈಪನ್ನೂ ಕ್ಯಾನಿಗೇ ತಿರುಗಿಸಿದ. ರಿಟರ್ನ್ ತಿರುಗಿಸುವುದನ್ನು ಮರೆತರೆ ಕ್ಯಾನು ಬೇಗ ಖಾಲಿಯಾಗಿ ಇನ್ನೊಂದು ಗೊಂದಲ ಹುಟ್ಟುತ್ತದೆ. ಆಮೇಲೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಏರ್ ತೆಗೆದ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಗುಳ್ಳೆ ನಿಂತ ಮೇಲೆ ಬಿಗಿ ಮಾಡಿದ. ಪಂಪಿನ ಸ್ಕ್ರೂಗೂ ಹಾಗೇ. ಕೊನೆಗೆ ನಾಜಲ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದ. ಇದೇ ಕ್ರಮ. ಹಿಂದು ಮುಂದು ಮಾಡಿದರೆ ಬ್ಯಾಟರಿ ಇಳಿಯುವುದೇ ಲಾಭ.

ಮಧ್ಯಾಹ್ನದ ಸುಡು ಬಿಸಿಲಿನಲ್ಲೇ ಗುಡ್ಡ ಹತ್ತಿಸಿದೆವು. ಮೇಲೆ ಹೋಗಿ, ಇಳಿದು, ಮತ್ತೆ ಹತ್ತಿದರೂ ಒಂದು ಜರ್ಕ್ ಇಲ್ಲ. ಕಾಕಾ ಗಾಡಿಯಿಂದ ಇಳಿದು, "ಹಂಗಾದ್ರ ಬಂಕಿನ ಡೀಸೆಲ್ ಚಲೋ ಐತಿ?" ಅಂದರು. ಅಷ್ಟು ದಿನ ಅವರಿಗೆ ಪಂಪಿನ ಜೊತೆಗೆ ಬಂಕಿನ ಮೇಲೂ ಅನುಮಾನ ಇತ್ತು.

ಟ್ಯಾಂಕಿನೊಳಗೆ

ಸೀಟು ತೆಗೆದು ಟ್ಯಾಂಕು ಇಳಿಸಿದೆವು. ಅಡಿಯ ಡೀಸೆಲ್ ಬೇರೆ ಪಾತ್ರೆಗೆ ಸುರಿದಾಗ ಕೊನೆಗೆ ಬಂದದ್ದು ಚಹಾ ಬಣ್ಣದ ನೀರು. ಅದರ ಹಿಂದೆ ಕಪ್ಪು ಲೋಳೆ. ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು, ಎಳೆದರೆ ಎಳೆ ಎಳೆಯಾಗಿ ಬರುತ್ತಿತ್ತು. ಅದರ ಜೊತೆ ಜಂಗಿನ ಹಕ್ಕಳೆ. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವ ಪಿಕಪ್ ಪೈಪಿನ ತುದಿಯ ಜಾಲರಿಗೆ ಈ ಲೋಳೆ ತೊಗಲಿನ ಹಾಗೆ ಅಂಟಿಕೊಂಡಿತ್ತು.

ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ಅಡಿಗೆ ಕೂರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಡೀಸೆಲ್ ಅವುಗಳ ಆಹಾರ, ನೀರು ಅವುಗಳ ಮನೆ. ತಿಂಗಳುಗಟ್ಟಲೆ ಅಲುಗದೆ ನಿಂತ, ಬೆಚ್ಚಗಿನ ಟ್ಯಾಂಕು ಸಿಕ್ಕರೆ ಅವಕ್ಕೆ ಹಬ್ಬ. ಹುಟ್ಟುವ ಲೋಳೆಯೇ ಇದು. ನೀರಿನಿಂದ ತಗಡೂ ಜಂಗು ಹಿಡಿಯುತ್ತದೆ.

ಈಗ ರೋಗದ ಒಂದೊಂದು ಲಕ್ಷಣಕ್ಕೂ ಉತ್ತರ ಸಿಕ್ಕಿತು. ಏರಿನಲ್ಲಿ ಎಂಜಿನ್ ಜಾಸ್ತಿ ಡೀಸೆಲ್ ಕೇಳುತ್ತದೆ. ಟ್ಯಾಂಕು ಹಿಂದಕ್ಕೆ ವಾಲಿ ಅಡಿಯ ಗಸಿ ಪಿಕಪ್ಪಿನ ಕಡೆ ಜಾರುತ್ತದೆ. ಬಂಡೆ ದಾರಿಯ ಕುಲುಕಾಟಕ್ಕೆ ಗಸಿ ಎದ್ದು ಜಾಲರಿಗೆ ಬಡಿಯುತ್ತದೆ. ಎಳೆತ ಜೋರಾದಷ್ಟೂ ಗಟ್ಟಿಯಾಗಿ ಅಂಟುತ್ತದೆ. ಎಂಜಿನ್ ನಿಂತಾಗ ಎಳೆತ ನಿಲ್ಲುತ್ತದೆ, ಹಕ್ಕಳೆ ಕಳಚಿ ಕೆಳಗೆ ಬೀಳುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಪಂಪು ಮಾಡಿಸಿದ ಮೇಲೆ ಕೆಲವು ವಾರ ಚೆನ್ನಾಗಿ ಓಡಿದ್ದಕ್ಕೂ ಕಾರಣ ಇದೆ. ಪಂಪು ಬರುವ ತನಕ ಗಾಡಿ ನಿಂತಿತ್ತು, ಗಸಿ ಅಡಿಗೆ ಕೂತಿತ್ತು, ಫಿಲ್ಟರು ಹೊಸದಾಗಿತ್ತು, ಖುಷಿಯಲ್ಲಿ ಕಾಕಾ ಟ್ಯಾಂಕು ಫುಲ್ ಮಾಡಿಸಿದ್ದರು. ಹಳೆಯ ಫಿಲ್ಟರನ್ನು ಅವತ್ತೇ ಹ್ಯಾಕ್ಸಾದಲ್ಲಿ ಕೊಯ್ದು ಒಳಗಿನ ಕಾಗದ ಬಿಡಿಸಿ ನೋಡಿದ್ದರೆ ಈ ಲೋಳೆ ಅಲ್ಲೇ ಕಾಣುತ್ತಿತ್ತು. ಬಿಚ್ಚಿದ ಫಿಲ್ಟರನ್ನು ನೋಡದೆ ಎಸೆಯುವುದು ನಮ್ಮ ಗ್ಯಾರೇಜುಗಳ ದೊಡ್ಡ ಕೆಟ್ಟ ಚಾಳಿ.

ಟ್ಯಾಂಕಿನ ಕೆಳಮೂಲೆಯಲ್ಲಿ ಜಂಗು ತಿಂದು ಒಂದು ಜಾಗ ತೆಳ್ಳಗಾಗಿತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯವರು ಜಿಐ ಶೀಟಿನ ತುಂಡು ಇಟ್ಟು ವೆಲ್ಡ್ ಮಾಡಿಕೊಡುತ್ತೇನೆ, ಡೀಸೆಲ್ ಟ್ಯಾಂಕಿಗೆ ಬೆಂಕಿ ಹತ್ತಲ್ಲ ಅಂದರು. ಎರಡೂ ಬೇಡ ಅಂದೆ. ನಮ್ಮ ದೇಶದ ಮಾನಕದಲ್ಲಿ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಅಂದರೆ ಅಷ್ಟು ಬಿಸಿಯಾದರೆ ಅದರ ಆವಿಗೆ ಕಿಡಿ ತಗುಲಿ ಭಗ್ ಅನ್ನಬಹುದು. ನಮ್ಮ ಏಪ್ರಿಲ್ ಮಧ್ಯಾಹ್ನ 40 ದಾಟುತ್ತದೆ. ಖಾಲಿ ಟ್ಯಾಂಕಿನಲ್ಲಿ ಇರುವುದು ಆ ಆವಿಯೇ. ಇನ್ನು ಜಿಐ ಶೀಟಿನ ಮೇಲಿರುವುದು ಸತು. ಡೀಸೆಲ್ ಜೊತೆ ಸತು ಸೇರಿದರೆ ಸಾಬೂನಿನಂಥ ಅಂಟು ಹುಟ್ಟಿ ಮತ್ತೆ ಫಿಲ್ಟರೇ ಕಟ್ಟುತ್ತದೆ. ತೊಳೆದು ಪೂರ್ತಿ ಒಣಗಿಸಿದ ಮೇಲೆ, ರೇಡಿಯೇಟರ್ ಕೆಲಸದವರ ಹತ್ತಿರ ತವರದ ಬೆಸುಗೆ ಹಾಕಿಸಿದೆವು.

ತೊಳೆಯುವ ಕೆಲಸ ಹೇಳಲು ಸಣ್ಣದು, ಮಾಡಲು ದೊಡ್ಡದು. ಜನ ಟ್ಯಾಂಕಿಗೆ ಕಂಕರ ಹಾಕಿ ಅಲ್ಲಾಡಿಸುತ್ತಾರೆ. ಒಂದು ಕಲ್ಲು ಒಳಗೆ ಉಳಿದರೂ ಕಷ್ಟ. ನಾವು ಸಣ್ಣ ಸರಪಳಿ ಇಳಿಬಿಟ್ಟೆವು, ಎಳೆದರೆ ಇಡಿಯಾಗಿ ಹೊರಗೆ ಬರುತ್ತದೆ. ಸೋಪಿನ ಪುಡಿ, ಬಿಸಿನೀರು, ಸರಪಳಿ. ಲೋಳೆ ಹೋದ ಮೇಲೆ ಜಂಗಿಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರು ತುಂಬಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾದ ನೀರಲ್ಲಿ ತೊಳೆದು, ಬಿಸಿಲಿಗಿಟ್ಟೆವು. ಒಣಗಿದ ಕೂಡಲೇ ಒಳಗೆಲ್ಲ ಡೀಸೆಲ್ ಸವರಿದೆವು. ಬರಿ ತಗಡನ್ನು ಹಾಗೇ ಬಿಟ್ಟರೆ ಕಣ್ಣೆದುರೇ ಹೊಸ ಜಂಗು ಏಳುತ್ತದೆ. ಒಳಗೆ ಬಳಿಯುವ ಸೀಲರ್ ಹಾಕೋಣವೇ ಅಂತ ಹುಡುಗ ಕೇಳಿದ. ಕೆಳಗಿನ ತಗಡು ಪೂರ್ತಿ ಶುದ್ಧವಿಲ್ಲದಿದ್ದರೆ ಅದು ಮುಂದೆ ಹಾಳೆ ಹಾಳೆಯಾಗಿ ಏಳುತ್ತದೆ. ಬೇಡ ಅಂತ ಬಿಟ್ಟೆವು.

ಪೈಪುಗಳು, ರಿಟರ್ನ್ ಲೈನು, ಜಾಲರಿ ಎಲ್ಲ ಬಿಚ್ಚಿ ಗಾಳಿ ಹೊಡೆದೆವು. ಎಳೆಯುವ ಕಡೆಯ ರಬ್ಬರ್ ಪೈಪು ಬಗ್ಗಿಸಿದರೆ ಬಿರುಕು ಕಾಣುತ್ತಿತ್ತು, ಬದಲಾಯಿಸಿದೆವು. ಬೋಲ್ಟಿನ ಕೆಳಗಿನ ತಾಮ್ರದ ವಾಷರ್ ಸಣ್ಣ ವಸ್ತು. ಆದರೆ ಹಳೆಯದನ್ನೇ ಹಾಕಿದರೆ ಏರ್ ಎಳೆಯುತ್ತದೆ. ಹೊಸದು ಸಿಗದ ಕಡೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ.

ಸೀಮೆಎಣ್ಣೆ ಬೆರೆಸಿ ಓಡಿಸಿ, ಎಲ್ಲ ತೊಳೆದು ಹೋಗುತ್ತದೆ ಅಂತ ಸಲಹೆ ಕೊಟ್ಟವರೂ ಇದ್ದರು. ರೋಟರಿ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಹೊಸದಾಗಿ ಮಾಡಿಸಿದ ಪಂಪನ್ನು ಸವೆಸಲು ಅದಕ್ಕಿಂತ ಸುಲಭದ ದಾರಿ ಬೇರೆ ಬೇಡ. ಕ್ಲೀನರ್ ಬಾಟಲಿಗಳದ್ದೂ ಬೇರೆ ಕಥೆಯಲ್ಲ. ಕೊಳೆ ತುಂಬಿದ ಟ್ಯಾಂಕಿಗೆ ಸುರಿದರೆ ಅಂಟಿದ ಕೊಳೆಯೆಲ್ಲ ಒಟ್ಟಿಗೇ ಎದ್ದು ಫಿಲ್ಟರಿಗೆ ಬರುತ್ತದೆ.

ಡ್ರಮ್ಮು

ಟ್ಯಾಂಕು ತೊಳೆದು ಜೋಡಿಸಿ ಕೊಟ್ಟು ಕೈ ತೊಳೆದುಕೊಂಡಿದ್ದರೆ ಮುಂದಿನ ವರ್ಷ ಇದೇ ಕಥೆ ಆಗುತ್ತಿತ್ತು. ಕಾಲುಭಾಗ ಡೀಸೆಲ್ ಇರುವ ಟ್ಯಾಂಕು ಹಗಲು ಕಾದು ರಾತ್ರಿ ತಣಿದು, ಒಳಗಿನ ತೇವದ ಗಾಳಿಯಿಂದ ಹನಿಗಟ್ಟುವುದು ನಿಜ. ಆದರೆ ಲೋಟಗಟ್ಟಲೆ ನೀರಿಗೆ ಅದೊಂದೇ ಕಾರಣ ಅಂತ ನಂಬಲು ನನಗೆ ಆಗಲಿಲ್ಲ. ಡೀಸೆಲ್ ಎಲ್ಲಿಂದ ಹಾಕಿಸುತ್ತೀರಿ ಅಂತ ಕೇಳಿದರೆ, "ಬಂಕಿನಿಂದ್ಲೇ ರೀ" ಅಂದರು. ನಿಜವೇ. ಆದರೆ ಬಂಕಿನಿಂದ ಮನೆಯ ಡ್ರಮ್ಮಿಗೆ, ಡ್ರಮ್ಮಿನಿಂದ ಟ್ರ್ಯಾಕ್ಟರಿಗೆ, ಜೀಪಿಗೆ.

ಎರಡು ಗಾಜಿನ ಬಾಟಲಿ ತಂದೆವು. ಒಂದಕ್ಕೆ ಬಂಕಿನದು, ಇನ್ನೊಂದಕ್ಕೆ ಡ್ರಮ್ಮಿನ ತಳದ್ದು. ಬೆಳಿಗ್ಗೆ ನೋಡಿದರೆ ಬಂಕಿನದು ತಿಳಿ, ಡ್ರಮ್ಮಿನದರ ಅಡಿಯಲ್ಲಿ ಎರಡು ಬೆರಳು ನೀರು. ಬಂಕಿನವರ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಡ್ರಮ್ಮು ಶೆಡ್ಡಿನ ಹೊರಗೆ ನೆಟ್ಟಗೆ ನಿಂತಿತ್ತು. ಮುಚ್ಚಳ ಬಿಗಿಯಾಗೇ ಇತ್ತು. ಕಾಕಾ ಅದನ್ನೇ ತೋರಿಸಿ, ನೀರು ಹೇಗೆ ಹೋಗುತ್ತದೆ ಅಂತ ಕೇಳಿದರು. ಡ್ರಮ್ಮಿನ ಮೇಲ್ಭಾಗಕ್ಕೆ ಅಂಚು ಇರುತ್ತದೆ, ಮಳೆ ನೀರು ಅಲ್ಲಿ ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಉಬ್ಬಿ ಮುಚ್ಚಳದ ತಿರುಪಿನ ಸಂದಿನಿಂದ ಹೊರಗೆ ಬರುತ್ತದೆ. ಸಂಜೆ ಮಳೆ ಬಂದು ಡ್ರಮ್ಮು ತಣಿದಾಗ ಒಳಗೆ ಎಳೆತ ಹುಟ್ಟುತ್ತದೆ. ಮುಚ್ಚಳದ ಸುತ್ತ ಗಾಳಿ ಇಲ್ಲ, ನೀರಿದೆ. ಅದನ್ನೇ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ದಿನಾ ಒಂದಿಷ್ಟು.

ಡ್ರಮ್ಮನ್ನು ಶೆಡ್ಡಿನೊಳಗೆ ತಂದು, ಒಂದು ಕಡೆ ಮರದ ತುಂಡು ಕೊಟ್ಟು ವಾಲಿಸಿ ಇಟ್ಟೆವು. ಮುಚ್ಚಳ ಮೇಲಿನ ಅಂಚಿನ ಕಡೆ ಬರುವಂತೆ. ಡೀಸೆಲ್ ಎಳೆಯುವ ಪೈಪು ತಳಕ್ಕೆ ಮುಟ್ಟದಂತೆ ಕೊಯ್ದೆವು. ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದೆವಲ್ಲ ಅಂದರು ಕಾಕಾ. ಬಟ್ಟೆ ಕಸ ಹಿಡಿಯುತ್ತದೆ, ನೀರು ಹಿಡಿಯುವುದಿಲ್ಲ.

ಏನು ಬದಲಾಯಿತು, ಏನು ಉಳಿಯಿತು

ಗಾಡಿ ಗುಡ್ಡ ಹತ್ತುತ್ತಿದೆ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಒಂದು ಸಿಲಿಂಡರ್ ಮಿಸ್. ನಾಜಲ್ ಬಿಚ್ಚಿ ಟೆಸ್ಟ್ ಮಾಡಿಸಿದೆವು. ಇಂಥ ಹಳೆಯ ಇನ್‌ಡೈರೆಕ್ಟ್ (ಡೀಸೆಲ್ ಮೊದಲು ಪಕ್ಕದ ಸಣ್ಣ ಕೋಣೆಗೆ ಚಿಮ್ಮುವ) ಎಂಜಿನ್ನಿನ ನಾಜಲ್ ಸುಮಾರು 110ರಿಂದ 140 ಬಾರ್ ಒತ್ತಡದಲ್ಲಿ ತೆರೆದುಕೊಂಡು ಹೊಗೆಯಂತೆ ಚಿಮ್ಮಬೇಕು. ಮೂರು ಸರಿಯಾಗಿದ್ದವು. ಒಂದು ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ನೀರು ಕುಡಿದ ನಾಜಲ್ಲಿನ ಸೂಜಿಗೆ ಜಂಗು ಬಂದಿತ್ತು. ಅದನ್ನು ಬದಲಾಯಿಸಿ, ನಾಲ್ಕಕ್ಕೂ ಹೊಸ ವಾಷರ್ ಹಾಕಿದೆವು. ಕಲಿಯುವ ಹುಡುಗರಿಗೆ ಒಂದು ಮಾತು: ಟೆಸ್ಟ್ ಮಾಡುವಾಗ ನಾಜಲ್ ಮುಂದೆ ಕೈ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋಗಬಹುದು.

ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಪಾರದರ್ಶಕ ಬಟ್ಟಲಿನ ನೀರು ಬೇರ್ಪಡಿಸುವ ಫಿಲ್ಟರು ಕೂರಿಸಿದ್ದೇವೆ. ಟ್ಯಾಂಕು ತೊಳೆದ ಕೆಲವೇ ದಿನಕ್ಕೆ ಮುಖ್ಯ ಫಿಲ್ಟರನ್ನು ಒಂದು ಸಲ ಬದಲಾಯಿಸಿದೆವು. ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿದದ್ದು ಮೊದಲ ಕುಲುಕಾಟಕ್ಕೇ ಬರುತ್ತದೆ. ಕೊಯ್ದು ನೋಡಿದಾಗ ತೆಳು ಕಪ್ಪು ಗೆರೆ ಇತ್ತು. ಅದರ ನಂತರದ್ದು ಶುದ್ಧವಾಗಿತ್ತು. ಟ್ಯಾಂಕು, ಪೈಪು, ನಾಜಲ್ ಎಲ್ಲ ಸೇರಿದರೂ ಪಂಪಿಗೆ ಹೋದ ದುಡ್ಡಿನ ಹತ್ತಿರಕ್ಕೂ ಬರಲಿಲ್ಲ.

ಆ ಪಂಪು ಮಾಡಿಸಿದ್ದು ಪೂರ್ತಿ ದಂಡವೇ ಅಂತ ಕಾಕಾ ಈಗಲೂ ಕೇಳುತ್ತಾರೆ. ಅಷ್ಟು ನೀರು ಕುಡಿದ ಪಂಪು ಒಳಗೆ ಹೇಗಿತ್ತೋ, ಹಳೆಯ ಹೆಡ್ಡು ಯಾರೂ ಇಟ್ಟುಕೊಂಡಿಲ್ಲ. ಹಾಗಾಗಿ ದಂಡ ಅಂತ ನಾನು ಹೇಳುವುದಿಲ್ಲ. ಆದರೆ ಟ್ಯಾಂಕು ಹಾಗೇ ಇದ್ದಾಗ ಹೊಸ ಹೆಡ್ಡು ಹಾಕಿಸಿ ಅದೇ ನೀರು ಕುಡಿಸಿದ್ದು ಮಾತ್ರ ಸರಿಯಲ್ಲ. ಹಿರಿಯ ಮಿಸ್ತ್ರಿ ಒಂದು ದಿನ ಗ್ಯಾರೇಜಿಗೆ ಬಂದು ಕ್ಯಾನು ಕಟ್ಟಿದ ವಿಚಾರ ಕೇಳಿ ತಿಳಿದುಕೊಂಡರು. ಈಗ ಅವರ ಅಂಗಡಿಯಲ್ಲೂ 5 ಲೀಟರಿನ ಒಂದು ಕ್ಯಾನು, ಎರಡು ಮಾರು ಪಾರದರ್ಶಕ ಪೈಪು ಇಟ್ಟಿದ್ದಾರೆ. ರಿಟರ್ನ್ ಪೈಪು ಕ್ಯಾನಿಗೇ ಹಾಕಬೇಕು ಅನ್ನುವುದನ್ನು ಬಂದವರಿಗೆಲ್ಲ ಅವರೇ ಹೇಳಿಕೊಡುತ್ತಾರಂತೆ.